ಹಂಪಿಯ ಹೊಳೆಯಲ್ಲಿ ನೀರುನಾಯಿ

ನಿಗಡಿಯ ಕನ್ನಡಿಗರೇ, ರಜೆಗೆ ಊರ ಕಡೆ ಹೊರಟಾಗ ಹಂಪಿಗೂ ಹೋಗ್ತೀರಲ್ಲ? ಈ ಸಲ ಗುಡಿ ನೋಡಿದ ಮೇಲೆ ತುಂಗಭದ್ರಾ ಹೊಳೆ ಕಡೆಗೂ ಕಣ್ಣು ಹಾಯಿಸಿ. ಅದೃಷ್ಟ ಇದ್ದರೆ ಬಂಡೆಗಳ ನಡುವೆ ನೀರುನಾಯಿಗಳ ಹಿಂಡು ಕಾಣಬಹುದು.

ಜಗತ್ತಿನ ಅತಿ ಉದ್ದದ ನೀರುನಾಯಿ ಇರೋದು ಅಮೆಜಾನ್ ಸೀಮೆಯಲ್ಲಿ. ಬಾಲ ಸೇರಿ ಸುಮಾರು 1.8 ಮೀಟರ್! ತುಪ್ಪಳದ ವ್ಯಾಪಾರ ಅದನ್ನ ಅಳಿವಿನಂಚಿಗೆ ತಂದಿತು. ನಮ್ಮ ತುಂಗಭದ್ರೆಯಲ್ಲಿರೋದು ಅದರ ಬಂಧು, ನುಣುಪು ಮೈಯ ನೀರುನಾಯಿ. ತೂಕ 7ರಿಂದ 11 ಕೆಜಿ. ಬೆರಳುಗಳ ನಡುವೆ ಪೊರೆ, ಚಪ್ಪಟೆ ಬಾಲ. ಮನೆಮಂದಿಯೆಲ್ಲ ಸೇರಿ ಮೀನನ್ನ ಅಟ್ಟಿಸಿಕೊಂಡು ಹೋಗಿ ಹಿಡೀತವೆ. ಎಷ್ಟು ಚೆಂದದ ಬೇಟೆ ಅದು!

2015ರಲ್ಲಿ ಕರ್ನಾಟಕ ಸರ್ಕಾರ ಮುದ್ಲಾಪುರದಿಂದ ಕಂಪ್ಲಿವರೆಗೆ, ಹೊಳೆಯ 34 ಕಿಲೋಮೀಟರ್ ಹರಿವನ್ನ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಘೋಷಣೆಯೊಂದೇ ಸಾಲದು. ಸಿಡಿಮದ್ದು ಹಾಕಿ ಮೀನು ಹಿಡಿದರೆ ನೀರುನಾಯಿಯ ಊಟವೂ ಹೋಗುತ್ತೆ, ಜೀವವೂ ಹೋಗುತ್ತೆ. ದಡದ ಮರಳು ಅಗೆದರೆ ಮರಿ ಸಾಕೋ ಬಿಲಗಳು ಕುಸಿಯುತ್ತವೆ.

ಅಂಥದ್ದು ಕಂಡರೆ ಸುಮ್ಮನಿರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ದಂಡೆಯಲ್ಲಿ ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ನೀರುನಾಯಿ ಕಂಡರೆ ದೂರದಿಂದಲೇ ನೋಡಿ.