ರಾವಣ ಬದಲಾದ, ಪಾರಾದನಾ?

ಸೀತೆಯನ್ನು ಕದ್ದೊಯ್ದ ರಾವಣನಿಗೂ ಕಥೆಯ ಕೊನೆಯಲ್ಲಿ ತನ್ನ ತಪ್ಪಿನಿಂದ ಬಿಡುಗಡೆ ಸಿಗಬಹುದಾ? ಸುಮಾರು 900 ವರ್ಷಗಳ ಹಿಂದೆಯೇ ಕವಿ ನಾಗಚಂದ್ರ ಈ ಪ್ರಶ್ನೆಗೆ ಕೈಹಾಕಿದ್ದ.

ಅವನ ಜೈನ ರಾಮಾಯಣದಲ್ಲಿ, ಯುದ್ಧದ ನಡುವೆ ರಾವಣ ಮತ್ತೆ ಸೀತೆಯ ಮುಂದೆ ಬರುತ್ತಾನೆ. ರಾಮನಿಗೆ ಏನಾಗುವುದೋ ಎಂಬ ಭಯಕ್ಕೆ ಅವಳು ಮೂರ್ಛೆ ಹೋಗುತ್ತಾಳೆ. ಆಗ ರಾವಣನ ಮನಸ್ಸು ಕರಗುತ್ತದೆ. ಮೋಹ ಕಳಚುತ್ತದೆ. ಸೀತೆಯನ್ನು ಒಪ್ಪಿಸಿಬಿಡಲು ನಿರ್ಧರಿಸುತ್ತಾನೆ.

ಆದರೆ ಈಗಲೇ ಅಲ್ಲ! ಈಗ ಕೊಟ್ಟರೆ ಹೆದರಿ ಕೊಟ್ಟ ಅಂತಾರಲ್ಲ? ಮೊದಲು ರಾಮ ಲಕ್ಷ್ಮಣರನ್ನು ಸೆರೆಹಿಡಿಯಬೇಕು, ಆಮೇಲೆ ಕೊಡಬೇಕು. ಆ ಹಟದಲ್ಲೇ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ.

ಪಶ್ಚಾತ್ತಾಪ ಪಟ್ಟ ಪಾತ್ರಕ್ಕೆ ನಮ್ಮ ಮರುಕ ಸಿಗುತ್ತದೆ. ಆದರೆ ಬಿಡುಗಡೆ ಬೇಕಾದರೆ ಆ ಪಾತ್ರ ತನಗೆ ನಷ್ಟವಾಗುವ ಒಂದು ಕೆಲಸವನ್ನಾದರೂ ಮಾಡಬೇಕು. ರಾವಣ ತನ್ನ ಅಭಿಮಾನವನ್ನು ಮಾತ್ರ ಕಳೆದುಕೊಳ್ಳಲು ಒಪ್ಪಲಿಲ್ಲ. ನಿಮ್ಮ ತೀರ್ಪೇನು?