ಗಾಜಿನೆಳೆಯ ಬೆಲೆಯನ್ನು ಕುರಿತ ಕೆಲವು ಭ್ರಾಂತಿಗಳು

ಮೈಸೂರಿನಿಂದ ದೂರ ಸರಿದಂತೆಲ್ಲ ಇಂಟರ್‌ನೆಟ್ಟಿನ ವೇಗ ಕುಗ್ಗುತ್ತ ಹೋಗುವುದೆಂದೂ, ಆದಕಾರಣ ಹುಣಸೂರಿನವನಿಗಿಂತ ಪಿರಿಯಾಪಟ್ಟಣದವನು, ಅವನಿಗಿಂತ ಹೆಗ್ಗಡದೇವನಕೋಟೆಯ ಕಾಡಂಚಿನವನು ಮಂದವಾದ ಸಂಪರ್ಕಕ್ಕೆ ಹೆಚ್ಚಿನ ಹಣ ತೆರುವುದು ಪ್ರಕೃತಿನಿಯಮವೇ ಎಂದೂ ಬಗೆಯುವವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅವರನ್ನು ಅಜ್ಞರೆಂದು ನಗುವುದು ಸಲ್ಲದು. ಟೆಲಿಫೋನಿನ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ ಎಕ್ಸ್‌ಚೇಂಜಿನಿಂದ ಮೂರು ನಾಲ್ಕು ಕಿಲೋಮೀಟರ್ ಆಚೆಗಿನ ಮನೆಗೆ ತಲಪುವಷ್ಟರಲ್ಲಿ ಸಂಕೇತವು ಕ್ಷೀಣಿಸಿ, ಹಣ ಕೊಟ್ಟ ವೇಗದ ಕಾಲುಭಾಗವೂ ಕೈಗೆ ಸಿಗದೆ ಹೋಗುತ್ತಿದ್ದುದನ್ನು ಅವರು ಪ್ರತ್ಯಕ್ಷವಾಗಿ ಕಂಡವರು.

ಫೈಬರ್ ಎಂಬ ಗಾಜಿನೆಳೆಯ ಧರ್ಮ ಬೇರೆ. ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುವುದರಿಂದ ಮೈಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಣ ಎಪ್ಪತ್ತು ಕಿಲೋಮೀಟರ್ ಹಾದಿ ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟೂ ಅಲ್ಲ. ಮನೆಮನೆಗೆ ಫೈಬರ್ ಕೊಡುವ ಜಿ-ಪಾನ್ ಎಂಬ ವ್ಯವಸ್ಥೆಯಲ್ಲಿ, ಕೇಂದ್ರದಲ್ಲಿರುವ ಓ.ಎಲ್.ಟಿ. ಯಂತ್ರದಿಂದ 20 ಕಿಲೋಮೀಟರ್‌ವರೆಗೆ ನಡುದಾರಿಯಲ್ಲಿ ವಿದ್ಯುತ್ತಿನ ಯಾವ ಸಾಧನವೂ ಇಲ್ಲದೆ ಬೆಳಕನ್ನು ಒಯ್ಯಬಹುದು. ಹಾಗೆ ಒಯ್ದಾಗ ಕೊಟ್ಟಕೊನೆಯ ಮನೆಯ ವೇಗವೂ ಮೊದಲನೆಯ ಮನೆಯ ವೇಗವೂ ಒಂದೇ.

ದೂರವು ವೇಗವನ್ನು ತಿನ್ನದಿದ್ದರೂ ಹಣವನ್ನು ತಿನ್ನುತ್ತದೆ. ಕೃಷ್ಣರಾಜನಗರಕ್ಕೆ ಮೈಸೂರು–ಅರಸೀಕೆರೆ ರೈಲುಮಾರ್ಗವಿದೆ. ಹಳಿಯ ಪಕ್ಕದ ನೆಲವೆಂದರೆ ಕೇಬಲ್ ಹಾಸುವವನಿಗೆ ಒಬ್ಬನೇ ಒಡೆಯನಿರುವ ನೇರವಾದ ದಾರಿ. ಮೊದಲು ಹೇಳಿದ ಮೂರು ತಾಲ್ಲೂಕುಗಳಿಗೆ ರೈಲಿಲ್ಲ. ಹುಣಸೂರು, ಪಿರಿಯಾಪಟ್ಟಣಗಳಿಗೆ 275ನೆಯ ರಾಷ್ಟ್ರೀಯ ಹೆದ್ದಾರಿಯ ಅಂಚೇ ಗತಿ. ರಸ್ತೆ ಅಗಲಿಸುವವರೂ, ಕುಡಿಯುವ ನೀರಿನ ಕೊಳವೆ ಹೂಳುವವರೂ ಅದೇ ಅಂಚನ್ನು ಮತ್ತೆ ಮತ್ತೆ ಅಗೆಯುತ್ತಾರೆ. ಹೆಗ್ಗಡದೇವನಕೋಟೆಯ ಕಡೆಗೆ ಬಂದರೆ ಕಬಿನಿಯ ಹಿನ್ನೀರೂ, ನಾಗರಹೊಳೆ ಬಂಡೀಪುರಗಳ ಕಾಡೂ ಸೇರಿ, ನಕಾಶೆಯಲ್ಲಿ ಕೂಗಳತೆಯಲ್ಲಿರುವ ಊರನ್ನು ಸುತ್ತು ಬಳಸಿ ಮುಟ್ಟುವ ಊರನ್ನಾಗಿ ಮಾಡಿಬಿಡುತ್ತವೆ. ಅರಣ್ಯದ ನೆಲದಲ್ಲಿ ಗುಂಡಿ ತೋಡಲು ಅನುಮತಿ ಬೇರೆ ಬೇಕು. ಗಾಜಿನ ಬೆಲೆ ಈ ಲೆಕ್ಕದಲ್ಲಿ ಅತ್ಯಲ್ಪ. ಖರ್ಚೆಲ್ಲ ಅಗೆತಕ್ಕೆ, ಕಂಬಕ್ಕೆ, ಕೂಲಿಗೆ.

ವೇಗ ಹೆಚ್ಚಾದಷ್ಟೂ ಕಂಪನಿಗೆ ಖರ್ಚು ಹೆಚ್ಚು, ಆದಕಾರಣ ದರವೂ ಹೆಚ್ಚು ಎಂಬುದು ಇನ್ನೊಂದು ನಂಬಿಕೆ. 30 ಎಂ.ಬಿ.ಪಿ.ಎಸ್. ಚಂದಾದಾರನ ಮನೆಗೂ 150ರ ಚಂದಾದಾರನ ಮನೆಗೂ ಹೋಗುವ ಎಳೆ ಒಂದೇ, ಗೋಡೆಯ ಮೇಲಿನ ಪೆಟ್ಟಿಗೆಯೂ ಒಂದೇ. ನಡುವಣ ಅಂತರ ಕೇಂದ್ರದ ಗಣಕದಲ್ಲಿ ನಮೂದಿಸಿದ ಒಂದು ಸಂಖ್ಯೆ. ಮೇಲ್ಮೆಟ್ಟಿಲಿನ ದರವೆಂಬುದು ಬಹುಮಟ್ಟಿಗೆ, ಕೊಡಬಲ್ಲವನಿಂದ ಹೆಚ್ಚು ಪಡೆದು ಕೊಡಲಾರದವನನ್ನೂ ಒಳಗೆ ಕರೆದುಕೊಳ್ಳುವ ವ್ಯಾಪಾರನೀತಿ. ಇದನ್ನು ನಾನು ಅನ್ಯಾಯವೆನ್ನಲಾರೆ. ಜಿಯೋ ಫೈಬರ್ 2019ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 699 ರೂಪಾಯಿಯ ಆರಂಭದರದೊಂದಿಗೆ ಬಂದು, ವರ್ಷ ತುಂಬುವಷ್ಟರಲ್ಲಿ 399ಕ್ಕೆ ಇಳಿಯಿತು, ಮರುತಿಂಗಳೇ ಬಿ.ಎಸ್.ಎನ್.ಎಲ್. 449ರ ಯೋಜನೆಯನ್ನು ಹೊರಡಿಸಿತು. ಅಷ್ಟರೊಳಗೆ ಗಾಜೇನೂ ಅಗ್ಗವಾಗಿರಲಿಲ್ಲ. ಸ್ಪರ್ಧೆ ಬಂದಿತ್ತು, ಅಷ್ಟೆ.

ಆ ಅಗ್ಗದ ಯೋಜನೆಗಳಲ್ಲಿ 3300 ಜಿ.ಬಿ. ಮಿತಿಯಿರುವುದನ್ನು ತೋರಿಸಿ, ‘ಅನ್‌ಲಿಮಿಟೆಡ್ ಎಂಬುದು ಶುದ್ಧ ಮೋಸ’ ಎಂದು ಗುಡುಗುವವರುಂಟು. ಉತ್ತಮ ದರ್ಜೆಯ ಚಲನಚಿತ್ರ ಗಂಟೆಗೆ ಸುಮಾರು 3 ಜಿ.ಬಿ. ನುಂಗುತ್ತದೆಂದು ಇಟ್ಟುಕೊಂಡರೆ 3300 ಜಿ.ಬಿ. ಸವೆಯಲು 1100 ಗಂಟೆ ಬೇಕು. ಮೂವತ್ತು ದಿನದ ತಿಂಗಳಿನಲ್ಲಿರುವುದೇ 720 ಗಂಟೆ. ಒಂದು ಟಿ.ವಿ.ಯನ್ನು ಹಗಲಿರುಳೂ ಆರಿಸದೆ ಬಿಟ್ಟರೂ ಮಿತಿ ಮುಟ್ಟದು. ಗುಡುಗುವವರು ನೋಡಬೇಕಾದ ಅಂಕಿ ಬೇರೊಂದಿದೆ: ಜಾಹೀರಾತಿನ 399ಕ್ಕೆ ಶೇಕಡಾ 18ರ ಜಿ.ಎಸ್.ಟಿ. ಸೇರಿ ಬಿಲ್ಲಿನಲ್ಲಿ 470 ರೂಪಾಯಿ 82 ಪೈಸೆಯಾಗುವುದು.

ಇಲ್ಲದ ವೇಗವನ್ನು ಕಂಪನಿಯವರು ಮಾರುತ್ತಾರೆಂಬ ದೂರಿನಲ್ಲಿ ಮಾತ್ರ ಸತ್ಯವೂ ಮಿಥ್ಯೆಯೂ ಹೆಣೆದುಕೊಂಡಿವೆ. ಜಿ-ಪಾನಿನ ಒಂದು ಕವಲಿನಲ್ಲಿ ಹರಿಯಬಲ್ಲುದು ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅದನ್ನು 64 ಮನೆಗೆ ಹಂಚಿ ಎಲ್ಲರಿಗೂ 100 ಎಂ.ಬಿ.ಪಿ.ಎಸ್. ಎಂದು ಮಾರಿದರೆ, ಮಾರಿದ್ದು ಇದ್ದುದರ ಎರಡೂವರೆ ಪಾಲು. ಕೃಷ್ಣರಾಜನಗರದ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ: ಚಾಮರಾಜ ನಾಲೆಯ ತೂಬುಗಳೆಲ್ಲ ಒಮ್ಮೆಗೇ ತೆರೆದುಕೊಂಡರೆ ಕಡೆಯ ಗದ್ದೆಗೆ ನೀರು ಹೋಗದು, ಆದರೆ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ನೀರು ಬೇಕಾಗುವುದೂ ಇಲ್ಲ. ಅರವತ್ತನಾಲ್ಕು ಮನೆಯವರೂ ಒಟ್ಟಿಗೆ ಸಿನಿಮಾ ನೋಡಿದರೂ ಮನೆಗೆ 5 ಎಂ.ಬಿ.ಪಿ.ಎಸ್.ನಂತೆ 320 ಸಾಕು. ರಾತ್ರಿ ಎಂಟರಿಂದ ಹತ್ತರವರೆಗೆ ಚಿತ್ರ ನಿಂತು ನಿಂತು ಓಡುವುದಾದರೆ ದೋಷವಿರುವುದು ಬೀದಿಯ ಎಳೆಯಲ್ಲಲ್ಲ, ತಾಲ್ಲೂಕಿನಿಂದ ಮೈಸೂರಿಗೆ ಹೋಗುವ ಹೆದ್ದೊರೆಯನ್ನು ಚಂದಾದಾರರು ಹೆಚ್ಚಿದಂತೆ ಹಿಗ್ಗಿಸದ ಆಪರೇಟರನ ಜಿಪುಣತನದಲ್ಲಿ. ಇಲ್ಲವೆ ದಪ್ಪ ಮಣ್ಣುಗೋಡೆಯ ತೊಟ್ಟಿಮನೆಯ ಒಂದು ಮೂಲೆಯಲ್ಲಿ, ಬೀರುವಿನ ಹಿಂದೆ, ವೈಫೈ ಪೆಟ್ಟಿಗೆಯನ್ನು ಮರೆಮಾಡಿಟ್ಟ ನಮ್ಮಲ್ಲಿಯೇ. ಈ ಎರಡನೆಯ ಸಂದರ್ಭದಲ್ಲಿ ಮೇಲಿನ ಪ್ಲಾನಿಗೆ ಹಣ ಸುರಿಯುವುದು ವ್ಯರ್ಥ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ಭ್ರಾಂತಿ, ದರ ಇಳಿದಷ್ಟೂ ಗ್ರಾಹಕನಿಗೆ ಲಾಭವೆಂಬುದು. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆ ಪಂಚಾಯತಿಗಳವರೆಗೆ ಕೇಬಲ್ ತಂದಿತು. ಅಲ್ಲಿಂದ ಮನೆಗೆ ಎಳೆಯುವ ಕೆಲಸವನ್ನು ಸ್ಥಳೀಯ ಉದ್ಯಮಿಗೆ ಒಪ್ಪಿಸಿ, ಬಂದ ಹಣವನ್ನು ಸಮಪಾಲು ಮಾಡಿಕೊಳ್ಳುವ ಕ್ರಮ ತರುವಾಯ ಬಂತು. 399ರ ಚಂದಾದಲ್ಲಿ ಆ ಉದ್ಯಮಿಗೆ ಬರುವುದು ಮನೆಗೆ ಇನ್ನೂರು ರೂಪಾಯಿ. ನೂರು ಮನೆ ಹಿಡಿದವನಿಗೆ ಇಪ್ಪತ್ತು ಸಾವಿರ. ಅದರಲ್ಲಿ ಲೈನ್‌ಮ್ಯಾನಿನ ಸಂಬಳ, ಬೈಕಿನ ಪೆಟ್ರೋಲು, ಕರೆಂಟು, ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರದ ಸಾಲದ ಕಂತು.

ಈಗ ಸುಗ್ಗಿಯ ದಿನ ಭತ್ತದ ಹುಲ್ಲನ್ನು ಬೆಟ್ಟದಂತೆ ಹೇರಿಕೊಂಡ ಟ್ರ್ಯಾಕ್ಟರೊಂದು, ಕಂಬದಿಂದ ಕಂಬಕ್ಕೆ ಜೋತಾಡುವ ಕೇಬಲನ್ನು ಸೆಳೆದುಕೊಂಡು ಹೋಯಿತೆಂದು ಭಾವಿಸಿ. ಮನೆಯ ಪೆಟ್ಟಿಗೆಯಲ್ಲಿ ಎಲ್.ಒ.ಎಸ್. ಎಂಬ ಕೆಂಪು ದೀಪ ಮಿಣುಕುತ್ತದೆ. ದುರಸ್ತಿಗೆ ಬಂದ ಹುಡುಗ ಏಣಿ ಹತ್ತಿ, ತುಂಡಾದ ತುದಿಗಳ ಹೊದಿಕೆಯನ್ನು ಸುಲಿದು, ಕೂದಲೆಳೆಯಷ್ಟು ದಪ್ಪದ ಗಾಜನ್ನು ಸ್ಪಿರಿಟಿನಿಂದ ಒರೆಸಿ, ನೆಟ್ಟಗೆ ಕತ್ತರಿಸಿ, ಯಂತ್ರದ ಬಾಯಲ್ಲಿಟ್ಟು, ಕಿಡಿ ಹಾಯಿಸಿ ಬೆಸೆಯುತ್ತಾನೆ. ಬೆಳಕು ಹರಿಯುವ ತಿರುಳು ಕೇವಲ 9 ಮೈಕ್ರಾನ್ ಅಗಲವಿರುವುದರಿಂದ, ಅವಸರದಲ್ಲಿ ಒರಟಾಗಿ ಜೋಡಿಸಿದರೆ ಸೋರಿಕೆಯುಂಟಾಗಿ ಮುಂದಿನ ಮಳೆಗೇ ಮತ್ತೆ ಕೆಂಪು ದೀಪ. ಸಂಬಳ ಸಾಲದೆ ಆ ಹುಡುಗ ಮೈಸೂರಿನ ಕಂಪನಿ ಸೇರಿದ ಮೇಲೆ 399ರ ಸಂಪರ್ಕ ತಿಂಗಳಲ್ಲಿ ಹತ್ತು ದಿನ ಸತ್ತಿರುತ್ತದೆ. 499 ಪಡೆದು ದೂರು ಬಂದ ದಿನವೇ ಏಣಿ ಹೊತ್ತು ಬರುವವನು ವಾಸ್ತವದಲ್ಲಿ ಅಗ್ಗ. ಲೈನ್ ಕೆಟ್ಟ ದಿನಗಳಿಗೂ ಹಣ ಕಟ್ಟಲೇಬೇಕೆಂದು ತಲೆಬಾಗುವವರಿಗೆ ಒಂದು ಮಾತು: ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2006ರಲ್ಲಿ ಹೊರಡಿಸಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಾವಳಿಯಲ್ಲಿಯೇ, ದುರಸ್ತಿ ಮೂರು ಕೆಲಸದ ದಿನ ಮೀರಿದರೆ ಏಳು ದಿನದ ಬಾಡಿಗೆಯನ್ನು ಬಿಟ್ಟುಕೊಡತಕ್ಕದ್ದೆಂಬ ವಿಧಿಯಿತ್ತು.

ಹಳ್ಳಿಯವರು ಮೂರು ತಿಂಗಳು ಕಟ್ಟಿ ನಿಲ್ಲಿಸಿಬಿಡುತ್ತಾರೆ, ಅವರನ್ನು ನಂಬಿ ಬಂಡವಾಳ ಹೂಡಲಾಗದು ಎಂಬುದು ಮಾರುವವರ ಕಡೆಯ ಭ್ರಾಂತಿ. ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನಿಗೆ ತಿಂಗಳ ಒಂದನೆಯ ತಾರೀಖು ಸಂಬಳ ಬರುವುದಿಲ್ಲ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ತಂಬಾಕು ಮಂಡಳಿಯ ಹರಾಜಿನಲ್ಲಿ ಬೇಲು ಮಾರಿದ ಮೇಲೆ ಹಣ ಒಟ್ಟಿಗೆ ಬರುತ್ತದೆ, ಮುಂಗಾರಿನಲ್ಲಿ ಗೊಬ್ಬರಕ್ಕೆಂದು ಒಟ್ಟಿಗೆ ಹೋಗುತ್ತದೆ. ಅವನ ಮುಂದೆ ತಿಂಗಳ ಪ್ಲಾನನ್ನು ಹಿಡಿದು, ಜೂನಿನಲ್ಲಿ ಕಟ್ಟಲಿಲ್ಲವೆಂದು ಸಂಪರ್ಕ ಕತ್ತರಿಸುವುದಕ್ಕಿಂತ, ಹರಾಜಿನ ಕಾಲದಲ್ಲಿ ವರ್ಷದ ಹಣವನ್ನು ಒಂದು ತಿಂಗಳ ರಿಯಾಯಿತಿಯೊಡನೆ ಕೇಳುವುದು ಲೇಸು. ಮುಂಗಡ ಪಡೆದ ಆಪರೇಟರನು ಇನ್‌ಸ್ಟಲೇಷನ್ನನ್ನು ಉಚಿತವಾಗಿ ಮಾಡಿಕೊಟ್ಟರೂ ಅವನಿಗೆ ನಷ್ಟವಿಲ್ಲ.

ಇನ್ನುಳಿದುದು ಕರೆಂಟಿನ ಮಾತು. ಹಳೆಯ ಟೆಲಿಫೋನು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಜೀವ ಪಡೆಯುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ಮಾತಾಡಬಹುದಾಗಿತ್ತು. ಫೈಬರಿನ ಫೋನೂ ಹಾಗೆಯೇ ಎಂದುಕೊಂಡವರು ಮಳೆಗಾಲದ ಮೊದಲ ಗಾಳಿಗೇ ನಿರಾಶರಾಗುತ್ತಾರೆ. ಗಾಜು ವಿದ್ಯುತ್ತನ್ನು ಒಯ್ಯದು. ಮನೆಯ ಪೆಟ್ಟಿಗೆಗೆ 12 ವೋಲ್ಟಿನ ಪುಟ್ಟ ಯು.ಪಿ.ಎಸ್. ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ಆದರೆ ಆ ಕಡೆಯ ತುದಿಯಲ್ಲಿ ಓ.ಎಲ್.ಟಿ. ಇರುವ ಕೋಣೆಯಲ್ಲಿಯೂ ಕರೆಂಟು ಹೋಗಿದ್ದರೆ ಅದರಿಂದ ಫಲವಿಲ್ಲ. ಹೊಸ ಸಂಪರ್ಕ ಮಾರಲು ಬಂದವನನ್ನು ಎಷ್ಟು ಎಂ.ಬಿ.ಪಿ.ಎಸ್. ಎಂದು ಕೇಳುವುದಕ್ಕೆ ಮೊದಲು, ಆ ಕೋಣೆಯ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದೂ, ಏಣಿ ಹತ್ತುವ ಹುಡುಗ ಯಾವ ಊರಿನವನೆಂದೂ ವಿಚಾರಿಸಿ.