ಕರೆಂಟ್ ಬಿಲ್ ಕಟ್ಟೋರು ಗ್ರಾಹಕರಾ, ಮಾಲೀಕರಾ? ಹುಕ್ಕೇರಿಯಲ್ಲಿ ಒಂದು ನಿಯಮ, ಚಾಮರಾಜಪೇಟೆಯಲ್ಲಿ ಇನ್ನೊಂದು

ಬೆಂಗಳೂರು: ಗಾಂಧಿ ಬಜಾರ್‌ನ ಹೂವಿನ ಅಂಗಡಿಯಾಗಲಿ, ಸಂಪಿಗೆ ರಸ್ತೆಯ ಬಟ್ಟೆ ಅಂಗಡಿಯಾಗಲಿ, ಚಾಮರಾಜಪೇಟೆಯ ಪ್ರಿಂಟಿಂಗ್ ಪ್ರೆಸ್ಸಾಗಲಿ, ಎಲ್ಲರಿಗೂ ಕರೆಂಟ್ ಕೊಡೋದು ಬೆಸ್ಕಾಂ. ಬಿಲ್ ಬರುತ್ತೆ, ಕಟ್ಟುತ್ತೇವೆ. ಕಂಪನಿ ನಡೆಸೋರು ಯಾರಾಗಬೇಕು ಅಂತ ನಮ್ಮನ್ನ ಯಾರೂ ಕೇಳೋದಿಲ್ಲ.

ಆದರೆ ಇದೇ ರಾಜ್ಯದ ಒಂದು ತಾಲ್ಲೂಕಿನಲ್ಲಿ ಕರೆಂಟ್ ಸಂಸ್ಥೆಯ ಆಡಳಿತ ಮಂಡಳಿಯನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಅದು ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾಗಿದ್ದು 1969ರಲ್ಲಿ. ಕರ್ನಾಟಕದಲ್ಲಿ ಇಂಥದ್ದು ಇರೋದು ಇದೊಂದೇ.

ಅಲ್ಲಿ ಸದಸ್ಯರಾದರೆ ಏನು ಸಿಗುತ್ತೆ, ಇಲ್ಲಿ ಗ್ರಾಹಕರಾಗಿದ್ದರೆ ಏನು ಸಿಗುತ್ತೆ ಅನ್ನೋದು ತಿಳಿದಿದ್ದರೆ ಉಪಯೋಗವಿದೆ. ಮತ ಇಲ್ಲ ಅಂದ ಮಾತ್ರಕ್ಕೆ ಹಕ್ಕೇ ಇಲ್ಲ ಅಂತ ಅಲ್ಲ. ಬಿಲ್ ತಪ್ಪಾಗಿ ಬಂದಾಗ, ಲೈನ್ ಕಟ್ ಮಾಡ್ತೀವಿ ಅಂದಾಗ, ಹಳೇ ಬಾಡಿಗೆದಾರರ ಬಾಕಿ ತಲೆ ಮೇಲೆ ಬಂದಾಗ ಕೈ ಹಿಡಿಯುವುದು ಈ ನಿಯಮಗಳೇ.

ಹುಕ್ಕೇರಿ ಸಂಘ ಏನು?

1960ರ ದಶಕದ ಕೊನೆಯಲ್ಲಿ ಹಳ್ಳಿಗಳಿಗೆ ಕರೆಂಟ್ ಮುಟ್ಟಿಸಲು ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ದೇಶದ ಐದು ಕಡೆ ಪ್ರಾಯೋಗಿಕವಾಗಿ ಸಂಘಗಳನ್ನು ಕಟ್ಟಲಾಯಿತು. ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರಪ್ರದೇಶದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ ಮತ್ತು ನಮ್ಮ ಹುಕ್ಕೇರಿ. ಹುಕ್ಕೇರಿಯಲ್ಲಿ ಸಂಘ ಕಟ್ಟಿದವರು ಅಂದರೆ ಈಗಲೂ ಮೊದಲು ಬರೋದು ಅಪ್ಪಣಗೌಡ ಪಾಟೀಲರ ಹೆಸರು.

ಸಂಘ ತಾನೇ ಕರೆಂಟ್ ತಯಾರಿಸೋದಿಲ್ಲ. ಸಗಟಾಗಿ ಕೊಂಡು, ತನ್ನ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಮೂಲಕ ಮನೆ, ಅಂಗಡಿ, ಪಂಪ್‌ಸೆಟ್‌ಗಳಿಗೆ ಹಂಚುತ್ತದೆ. ಸುತ್ತಲಿನ ತಾಲ್ಲೂಕುಗಳಲ್ಲಿ ಈ ಕೆಲಸ ಮಾಡೋದು ಹೆಸ್ಕಾಂ.

ಮೀಟರ್ ಇದ್ದ ಮಾತ್ರಕ್ಕೆ ಮತ ಇಲ್ಲ

ಸಹಕಾರಿ ಸಂಘದಲ್ಲಿ ಗ್ರಾಹಕ ಬೇರೆ, ಸದಸ್ಯ ಬೇರೆ. ಮೀಟರ್ ಹಾಕಿಸಿಕೊಂಡು ಬಿಲ್ ಕಟ್ಟುವವರು ಗ್ರಾಹಕರು. ಅರ್ಜಿ ಹಾಕಿ, ಷೇರು ಹಣ ಕಟ್ಟಿ, ಸದಸ್ಯರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರು ಸದಸ್ಯರು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ನಡೆಯುವ ಯಾವ ಸಂಘದಲ್ಲೂ ಈ ಲೆಕ್ಕ ಒಂದೇ.

ಸದಸ್ಯರಿಗೆ ಸಿಗೋದು ಇಷ್ಟು:

- ಒಬ್ಬರಿಗೆ ಒಂದೇ ಮತ. ಹತ್ತು ಷೇರು ಇದ್ದರೂ ಅಷ್ಟೇ, ಒಂದು ಷೇರು ಇದ್ದರೂ ಅಷ್ಟೇ.
- ವಾರ್ಷಿಕ ಮಹಾಸಭೆಯಲ್ಲಿ ಕೂತು ಲೆಕ್ಕ ಕೇಳುವ ಹಕ್ಕು. ಸೆಪ್ಟೆಂಬರ್ 25ರೊಳಗೆ ಸಭೆ ನಡೆಸಬೇಕು ಅಂತ ಕಾಯ್ದೆ ಹೇಳುತ್ತೆ.
- ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿಗೆ ಮತ ಹಾಕುವ ಮತ್ತು ನಿಲ್ಲುವ ಹಕ್ಕು.

ಷರತ್ತುಗಳೂ ಇವೆ. ಸುಸ್ತಿದಾರರಿಗೆ ಮತ ಇಲ್ಲ. ಮಹಾಸಭೆಗಳಿಗೆ ಇಂತಿಷ್ಟಾದರೂ ಬರಬೇಕು, ಸಂಘದ ಸೇವೆಯನ್ನು ಕನಿಷ್ಠ ಮಟ್ಟದಲ್ಲಾದರೂ ಬಳಸಬೇಕು ಅಂತಲೂ ಕಾಯ್ದೆ ಕೇಳುತ್ತೆ. ಸೀದಾ ಮಾತಲ್ಲಿ ಹೇಳೋದಾದರೆ, ಷೇರು ಸರ್ಟಿಫಿಕೇಟ್ ಬೀರುವಿನಲ್ಲಿಟ್ಟು ಮರೆತವರಿಗೆ ಚುನಾವಣೆ ದಿನ ಪಟ್ಟಿಯಲ್ಲಿ ಹೆಸರು ಇಲ್ಲದೇ ಹೋಗಬಹುದು.

ಇನ್ನೊಂದು ವಿಷಯ ಬಹಳ ಜನ ಗಮನಿಸೋದಿಲ್ಲ. ಸದಸ್ಯತ್ವ ಮತ್ತು ಮೀಟರ್ ಎರಡನ್ನೂ ಬೇರೆ ಬೇರೆಯಾಗಿ ವರ್ಗಾಯಿಸಬೇಕು. ಮನೆ ಯಜಮಾನರು ತೀರಿಕೊಂಡಾಗ ಮೀಟರನ್ನು ಮಗನ ಹೆಸರಿಗೆ ಮಾಡಿಸಿಕೊಂಡರೂ ಷೇರು ತಾನಾಗಿ ಬರೋದಿಲ್ಲ. ಅದಕ್ಕೆ ನಾಮಿನಿ ಹೆಸರಿನಲ್ಲಿ ಬೇರೆ ಅರ್ಜಿ ಕೊಡಬೇಕು.

ಈ ಮತಕ್ಕೆ ಎಷ್ಟು ಬೆಲೆ ಅನ್ನೋದು 2025ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಹುಕ್ಕೇರಿ ಸಂಘದ ಚುನಾವಣೆಯಲ್ಲಿ ಕತ್ತಿ ಮತ್ತು ಜಾರಕಿಹೊಳಿ ಬಣಗಳು ಎದುರುಬದುರಾಗಿ ನಿಂತವು. ವಿಧಾನಸಭೆ ಚುನಾವಣೆಗೆ ಕಡಿಮೆ ಇಲ್ಲದಂತೆ ಪ್ರಚಾರ ನಡೆಯಿತು.

ಸದಸ್ಯರಿಗೆ ಯೂನಿಟ್ ಅಗ್ಗವಾ?

ಇಲ್ಲ. ದರ ನಿಗದಿ ಮಾಡೋದು ಸಂಘವಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಜೊತೆಗೆ ಹುಕ್ಕೇರಿ ಸಂಘಕ್ಕೂ ದರದ ಆದೇಶ ಬರೋದು ಅಲ್ಲಿಂದಲೇ. ಮಂಡಳಿ ಗೆದ್ದವರು ಯೂನಿಟ್ ದರ ಇಳಿಸ್ತೀವಿ ಅಂತ ತಾವಾಗಿ ಹೇಳೋಕೆ ಬರೋದಿಲ್ಲ. ಹಣ ಯಾವುದಕ್ಕೆ ಖರ್ಚಾಗಬೇಕು, ಯಾವ ಲೈನ್ ಮೊದಲು ಬದಲಾಗಬೇಕು ಅನ್ನೋದರಲ್ಲಿ ಮಾತ್ರ ಅವರ ಮಾತು ನಡೆಯುತ್ತೆ.

ಮಾಲೀಕತ್ವ ಅಂದ್ರೆ ನಷ್ಟವೂ ನಮ್ಮದೇ

ಈ ಮಾತನ್ನು ಬಸವನಗುಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಅಂದಾಗ ಠೇವಣಿದಾರ ಯಾರು, ಷೇರುದಾರ ಯಾರು ಅನ್ನೋ ವ್ಯತ್ಯಾಸ ಎಲ್ಲರಿಗೂ ತಿಳಿಯಿತು. ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಷೇರು ಹಣಕ್ಕೆ ಆ ವಿಮೆ ಇಲ್ಲ. ಷೇರು ಅಂದರೆ ಮಾಲೀಕತ್ವ, ಮಾಲೀಕತ್ವ ಅಂದರೆ ಲಾಭ ನಷ್ಟ ಎರಡೂ.

ಕರೆಂಟ್ ಸಂಘಗಳಲ್ಲೂ ಹೀಗೇ ಆಗಿದೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಸಗಟಾಗಿ ಕೊಂಡ ಕರೆಂಟಿಗೆ ಹಣ ಬಾಕಿ ಬೆಳೆಸಿಕೊಂಡು 2011ರಲ್ಲಿ ಹಂಚಿಕೆಯ ಕೆಲಸವನ್ನೇ ಕಳೆದುಕೊಂಡಿತು. ಸರ್ಕಾರಿ ಕಂಪನಿ ಅಲ್ಲಿಗೆ ಬಂತು. ಮಗ್ಗದ ಊರು ಸಿರಿಸಿಲ್ಲದ ಸಂಘ ಮಾತ್ರ ತೆಲಂಗಾಣದಲ್ಲಿ ಈಗಲೂ ನಡೆಯುತ್ತಿದೆ. ಸದಸ್ಯರು ಮಹಾಸಭೆಗೆ ಹೋಗಿ ಬಾಕಿ ಎಷ್ಟು, ಸೋರಿಕೆ ಎಷ್ಟು ಅಂತ ಕೇಳಬೇಕಾಗಿರೋದು ಇದಕ್ಕೇ.

ಬೆಸ್ಕಾಂ ಗ್ರಾಹಕರಿಗೆ ಏನಿದೆ?

ಬೆಂಗಳೂರಿಗೆ ಬೀದಿ ದೀಪದ ಕರೆಂಟ್ ಬಂದಿದ್ದು 1905ರಲ್ಲಿ, ಶಿವನಸಮುದ್ರದಿಂದ. ಆಗಿನಿಂದಲೂ ಇಲ್ಲಿ ಕರೆಂಟ್ ಸರ್ಕಾರದ ಕೈಯಲ್ಲೇ ಇದೆ. ಬೆಸ್ಕಾಂ ಕಂಪನಿಯಾಗಿ ಕೆಲಸ ಶುರು ಮಾಡಿದ್ದು 2002ರ ಜೂನ್‌ನಲ್ಲಿ. ಅದರ ಒಡೆತನವೂ ಸರ್ಕಾರದ್ದೇ. ಹಾಗಾಗಿ ಇಲ್ಲಿ ಷೇರಿಲ್ಲ, ಮತವಿಲ್ಲ, ಮಹಾಸಭೆಗೆ ಕರೆಯೂ ಇಲ್ಲ. ಆದರೆ ವಿದ್ಯುಚ್ಛಕ್ತಿ ಕಾಯ್ದೆ, 2003 ಗ್ರಾಹಕರಿಗೆ ಕೊಟ್ಟ ಹಕ್ಕುಗಳು ಹುಕ್ಕೇರಿಗೂ ಚಾಮರಾಜಪೇಟೆಗೂ ಒಂದೇ.

ಹೊಸ ಸಂಪರ್ಕ: ಕಟ್ಟಡದ ಮಾಲೀಕರಷ್ಟೇ ಅಲ್ಲ, ಅದರಲ್ಲಿ ಇರುವವರೂ ಅರ್ಜಿ ಹಾಕಬಹುದು. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿ ಪ್ರಕಾರ, ಅರ್ಜಿ ಸರಿಯಾಗಿದ್ದು ಹೊಸ ಲೈನ್ ಎಳೆಯುವ ಅಗತ್ಯ ಇಲ್ಲದಿದ್ದರೆ ಮಹಾನಗರದಲ್ಲಿ 3 ದಿನ, ಬೇರೆ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನದೊಳಗೆ ಸಂಪರ್ಕ ಕೊಡಬೇಕು. ಹೊಸ ಕಟ್ಟಡವಾದರೆ ಇನ್ನೊಂದು ತೊಡಕಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ, ಅಂದರೆ ಒಸಿ ಕೇಳುತ್ತಾರೆ. ಹಳೇ ಮನೆ ಒಡೆದು ಅಂಗಡಿ ಮಳಿಗೆ ಕಟ್ಟಿಸುವವರು ನಕ್ಷೆ ಮಂಜೂರಾತಿ ಹಂತದಲ್ಲೇ ಇದನ್ನು ನೋಡಿಕೊಳ್ಳೋದು ಒಳ್ಳೇದು.

ಠೇವಣಿ: ಸಂಪರ್ಕ ಪಡೆಯುವಾಗ ಕಟ್ಟಿದ ಠೇವಣಿ ಗ್ರಾಹಕರ ಹಣ. ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾಗಿರುವಂತೆ ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸುತ್ತಾರೆ, ಬಳಕೆ ಏರಿದ್ದರೆ ಹೆಚ್ಚುವರಿ ಕೇಳುತ್ತಾರೆ. ಅದಕ್ಕೆ ಬಡ್ಡಿಯೂ ಬರಬೇಕು. ಬಡ್ಡಿ ಜಮಾ ಆಗಿದೆಯಾ ಅಂತ ಬಿಲ್ಲಿನಲ್ಲಿ ನೋಡಿ. ಬಾಡಿಗೆ ಅಂಗಡಿಯಲ್ಲಿ ಹೆಚ್ಚುವರಿ ಠೇವಣಿ ಕಟ್ಟೋದು ಬಾಡಿಗೆದಾರರು, ಖಾತೆ ಇರೋದು ಮಾಲೀಕರ ಹೆಸರಲ್ಲಿ. ಖಾಲಿ ಮಾಡುವಾಗ ಜಗಳವಾಗಬಾರದು ಅಂದ್ರೆ ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಲೈನ್ ಕಟ್: ಬಾಕಿ ಇದೆ ಅಂತ ಏಕಾಏಕಿ ಕಟ್ ಮಾಡುವಂತಿಲ್ಲ. ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಬೇಕು ಅನ್ನುತ್ತೆ ಕಾಯ್ದೆಯ 56ನೇ ಕಲಂ. ಬಿಲ್ಲೇ ತಪ್ಪು ಅನ್ನಿಸಿದರೆ ಕೈ ಕಟ್ಟಿ ಕೂರಬೇಕಿಲ್ಲ. ಕೇಳಿದಷ್ಟು ಹಣವನ್ನು ಅಥವಾ ಹಿಂದಿನ ಆರು ತಿಂಗಳ ಸರಾಸರಿ ಮೊತ್ತವನ್ನು, ಎರಡರಲ್ಲಿ ಕಡಿಮೆ ಇರೋದನ್ನು, ಆಕ್ಷೇಪಣೆ ಬರೆದುಕೊಟ್ಟು ಕಟ್ಟಬಹುದು. ಹಾಗೆ ಕಟ್ಟಿದ ಮೇಲೆ ವಿವಾದ ಮುಗಿಯುವವರೆಗೆ ಲೈನ್ ತೆಗೆಯುವಂತಿಲ್ಲ. ಏನೂ ಕಟ್ಟದೆ ಬರೀ ವಾದ ಮಾಡುತ್ತಾ ಕೂತರೆ ಈ ರಕ್ಷಣೆ ಸಿಗೋದಿಲ್ಲ.

ಹಳೇ ಬಾಕಿ: ಹಳೇ ಬಡಾವಣೆಗಳ ಅಂಗಡಿಯವರು ಹೆಚ್ಚು ಎಚ್ಚರ ವಹಿಸಬೇಕಾದ್ದು ಇಲ್ಲೇ. ಹಿಂದಿನವರು ಉಳಿಸಿಹೋದ ಬಾಕಿಯನ್ನು ಆ ಜಾಗಕ್ಕೆ ಹೊಸದಾಗಿ ಬಂದವರಿಂದ ಕೇಳಲು ನಿಯಮಗಳಲ್ಲಿ ಅವಕಾಶ ಇಟ್ಟುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ, ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಎತ್ತಿಹಿಡಿದಿದೆ. ‘ಅದು ನಾನು ಉಪಯೋಗಿಸಿದ್ದಲ್ಲ ಸಾರ್’ ಅಂದರೆ ಕೆಲಸ ಆಗೋದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಆರ್‌ಆರ್ ನಂಬರ್ ತೆಗೆದುಕೊಂಡು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬಾಕಿ ವಿಚಾರಿಸಬೇಕು.

ಮನೆ ಮೀಟರ್, ಅಂಗಡಿ ವ್ಯಾಪಾರ: ಮನೆ ಮುಂದಿನ ಕೋಣೆಯಲ್ಲಿ ಟೈಲರ್ ಅಂಗಡಿಯನ್ನೋ ಕಾಂಡಿಮೆಂಟ್ಸನ್ನೋ ಇಟ್ಟುಕೊಂಡು ಮನೆ ಮೀಟರಿನಿಂದಲೇ ದೀಪ ಹಾಕೋದು ಈ ಭಾಗದಲ್ಲಿ ಹೊಸದೇನಲ್ಲ. ಮನೆ ಬಳಕೆಗೆ ಕೊಟ್ಟ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸಿದರೆ 126ನೇ ಕಲಂ ಪ್ರಕಾರ ಅದು ಅನಧಿಕೃತ ಬಳಕೆ. ವ್ಯಾಪಾರದ ದರದ ಎರಡು ಪಟ್ಟು ಲೆಕ್ಕ ಹಾಕುತ್ತಾರೆ. ಯಾವಾಗಿನಿಂದ ಅಂತ ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೂ ಹಾಕಬಹುದು. ಗೃಹಜ್ಯೋತಿಯ ಶೂನ್ಯ ಬಿಲ್ ಕೂಡ ಮನೆ ಬಳಕೆಗೆ ಮಾತ್ರ. ಅಂಗಡಿಗೆ ಬೇರೆ ಮೀಟರ್ ಹಾಕಿಸೋದೇ ಕಡಿಮೆ ಖರ್ಚಿನ ದಾರಿ.

ದೂರು ಎಲ್ಲಿ ಕೊಡೋದು?

ಕರೆಂಟ್ ಹೋದರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಫ್ಯೂಸ್ ಹೋದರೆ, ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಸರಿಪಡಿಸಬೇಕು ಅಂತ ಕೆಇಆರ್‌ಸಿ ಗಡುವು ಹಾಕಿದೆ. ನಗರಕ್ಕೆ ಕಡಿಮೆ, ಹಳ್ಳಿಗೆ ಸ್ವಲ್ಪ ಹೆಚ್ಚು. ಗಡುವು ಮೀರಿದರೆ ಪರಿಹಾರ ಕೇಳಬಹುದು. ಕೇಳಲು ಬೇಕಾಗೋದು ಆ ದೂರಿನ ನಂಬರೇ.

ಬಿಲ್ಲಿನ ತಕರಾರಾದರೆ ಮೊದಲು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಬೇಕು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಅಲ್ಲೂ ಸಮಾಧಾನ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಹುಕ್ಕೇರಿಯ ಗ್ರಾಹಕರಿಗೂ ಈ ವೇದಿಕೆ ಮತ್ತು ಓಂಬುಡ್ಸ್‌ಮನ್ ದಾರಿ ಇದೆ. ಮಹಾಸಭೆಯಲ್ಲಿ ಕೇಳುವ ಹಕ್ಕು ಅವರಿಗೆ ಹೆಚ್ಚುವರಿ.

ಮತ ಇಲ್ಲದವರ ಮಾತು ಎಲ್ಲಿ?

ಬೆಂಗಳೂರಿನವರಿಗೆ ಮಹಾಸಭೆ ಇಲ್ಲ ಅಂದರೂ, ಮಾತಾಡಲು ಒಂದು ಜಾಗ ಇದೆ. ಬೆಸ್ಕಾಂ ದರ ಹೆಚ್ಚಿಸಿ ಅಂತ ಅರ್ಜಿ ಹಾಕಿದಾಗ ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ವಸಂತನಗರದಲ್ಲಿರುವ ಕೆಇಆರ್‌ಸಿ ಅವನ್ನು ಕೇಳಿದ ಮೇಲೆಯೇ ಆದೇಶ ಕೊಡಬೇಕು. ಆಕ್ಷೇಪಣೆ ಸಲ್ಲಿಸಲು ಷೇರು ಬೇಕಿಲ್ಲ, ವಕೀಲರೂ ಬೇಕಿಲ್ಲ.

2025ರ ಮಾರ್ಚ್‌ನಲ್ಲಿ ಆಯೋಗ ಒಟ್ಟಿಗೆ ಮೂರು ವರ್ಷದ, ಅಂದರೆ 2025-26ರಿಂದ 2027-28ರವರೆಗಿನ ದರದ ಆದೇಶ ಹೊರಡಿಸಿತು. ಅದೇ ತಿಂಗಳು ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತಿಗೆ 2025-26ರಲ್ಲಿ ಯೂನಿಟ್‌ಗೆ 36 ಪೈಸೆ ಸೇರಿಸಲು ಒಪ್ಪಿತು. ಬಿಲ್ ಬಂದ ಮೇಲೆ ‘ಇದೇನಿದು 36 ಪೈಸೆ’ ಅಂತ ಕೌಂಟರಿನಲ್ಲಿ ಕೇಳಿದವರು ಬಹಳ. ಕೇಳಬೇಕಾದ ಜಾಗ ಕೌಂಟರ್ ಅಲ್ಲ, ಆಯೋಗದ ವಿಚಾರಣೆ. ಕೈಗಾರಿಕೆ, ವಾಣಿಜ್ಯ ಸಂಘಟನೆಗಳು ಅಲ್ಲಿಗೆ ಹೋಗುತ್ತವೆ. ರಸ್ತೆ ಮಟ್ಟದ ವರ್ತಕರ ಸಂಘಗಳೂ ಒಂದು ಪತ್ರ ಕೊಡಬಹುದು.

ಅಂಗಡಿಯವರು ಫೈಲಿನಲ್ಲಿ ಇಟ್ಟುಕೊಳ್ಳಬೇಕಾದ್ದು

- ಆರ್‌ಆರ್ ನಂಬರ್, ಮಂಜೂರಾದ ಲೋಡ್ ಮತ್ತು ದರದ ವರ್ಗ ಕಾಣುವ ಒಂದು ಬಿಲ್
- ಠೇವಣಿ ಮತ್ತು ಹೆಚ್ಚುವರಿ ಠೇವಣಿಯ ರಸೀದಿಗಳು
- ಕನಿಷ್ಠ ಎರಡು ವರ್ಷದ ಬಿಲ್‌ಗಳು. ಎರಡು ವರ್ಷಕ್ಕಿಂತ ಹಳೆಯ ಬಾಕಿಯನ್ನು ಬಿಲ್ಲಿನಲ್ಲಿ ಸತತವಾಗಿ ತೋರಿಸುತ್ತಾ ಬಂದಿರದಿದ್ದರೆ, ಅದರ ಹೆಸರಲ್ಲಿ ಲೈನ್ ಕಟ್ ಮಾಡುವಂತಿಲ್ಲ
- ಕರೆಂಟ್ ಬಾಕಿ, ಠೇವಣಿ ಯಾರದು ಅಂತ ಬರೆದಿರುವ ಬಾಡಿಗೆ ಕರಾರು
- ಸೀಲ್ ಬಿದ್ದ ದೂರು ಅರ್ಜಿಗಳ ಪ್ರತಿ

ಬಿಲ್, ರಸೀದಿ ಕಳೆದುಹೋಗಿದ್ದರೆ ಆರ್‌ಆರ್ ನಂಬರ್ ಹಿಡಿದು ಉಪವಿಭಾಗದ ಕಚೇರಿಯಲ್ಲಿ ಖಾತೆಯ ವಿವರ ಕೇಳಬಹುದು. ಅಂಗಡಿ ಖಾಲಿ ಮಾಡುವ ಅಥವಾ ಹೊಸದಾಗಿ ಹಿಡಿಯುವ ಯೋಚನೆ ಇದ್ದವರು ಕರಾರಿಗೆ ಸಹಿ ಹಾಕುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಬೇಕು.